ಅರ್ಧ ವಾಕ್ಯದ ಶಾಲೆ

ಡೈರೆಕ್ಟರಮ್ಮ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಧೈರ್ಯವಾದರೂ ಇದ್ದಿದ್ದರೆ ಅವರ ಮೇಲೆ ನನಗೆ ಒಂದಿಷ್ಟು ಗೌರವ ಉಳಿಯುತ್ತಿತ್ತು. ಅವರು ನಕ್ಕರು, ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಆಮೇಲೆ, "ಮುಂದಿನ ಟರ್ಮಿನಿಂದ ನೀವು ರಿಸೆಪ್ಷನ್ನಲ್ಲಿ ಕೂತ್ಕೊಳ್ಳಿ. ನಿಮ್ಮ ನಗು ತುಂಬಾ ಚೆನ್ನಾಗಿದೆ" ಎಂದರು. ನಾನು ಆ ಸಂಸ್ಥೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ನನ್ನಲ್ಲಿ ಅವರಿಗೆ ಬೇಕಾಗಿದ್ದದ್ದು ಹಲ್ಲು ಮಾತ್ರ ಎಂಬುದು ಅಂದೇ ಗೊತ್ತಾದದ್ದು.

ಕಾರಣ ಕೇಳಿದೆ. ಆ ಸಂಸ್ಥೆಯ ತರಗತಿಗಳಿಗೆಲ್ಲ ಗಾಜಿನ ಗೋಡೆ. ಹೊರಗೆ ಓಡಾಡುವವರು ಯಾರು ಬೇಕಾದರೂ ನಿಂತು ಒಳಗಿನ ಪಾಠ ನೋಡಬಹುದು, ತೊಟ್ಟಿಯ ಮೀನು ನೋಡಿದ ಹಾಗೆ. ಹಿಂದಿನ ವಾರ ಡೈರೆಕ್ಟರಮ್ಮನೂ ನಿಂತಿದ್ದರಂತೆ. ಬಾಗಿಲು ಸ್ವಲ್ಪ ಸರಿಸಿ ಕೇಳಿಸಿಕೊಂಡರಂತೆ.

"ನೀವು ಮಾತಿನ ಮಧ್ಯೆ ಸಿಕ್ಕಿಹಾಕ್ಕೊಳ್ತೀರಿ. ವಾಕ್ಯ ಶುರು ಮಾಡ್ತೀರಿ, ಕೊನೇ ಪದ ನೆನಪಾಗಲ್ಲ. ಪಾಪ, ಸ್ಟೂಡೆಂಟ್ಸೇ ನಿಮಗೆ ಹೇಳಿಕೊಡ್ತಾರೆ. ನೋಡಿ ನನಗೆ ಕರುಳು ಚುರುಕ್ ಅಂತು."

ನಾನು ಬೆಪ್ಪಾಗಿ ಕೂತೆ. ಆಮೇಲೆ ಅವರು ಏನು ಹೇಳುತ್ತಿದ್ದಾರೆಂದು ಹೊಳೆದು, ಬೆಪ್ಪು ಹೋಗಿ ಸಿಟ್ಟು ಬಂತು.

ನಮ್ಮ ಕಡೆ ಶಾಲೆಯ ಪಕ್ಕ ಒಮ್ಮೆ ಹಾದುಹೋದವರಿಗೂ ಇದು ಗೊತ್ತು. ಮೇಷ್ಟ್ರು "ಸೂರ್ಯ ಹುಟ್ಟೋದು ಪೂರ್..." ಎಂದು ದನಿ ಏರಿಸಿ ನಿಲ್ಲಿಸುತ್ತಾರೆ, ಇಡೀ ತರಗತಿ "ವದಲ್ಲೀ!" ಎಂದು ಕೂಗುತ್ತದೆ. ಹಿಂದಿನ ಬೆಂಚಿನವರು ಎಚ್ಚರವಾಗಿದ್ದಾರೋ ಇಲ್ಲವೋ ತಿಳಿಯುವುದು ಹೀಗೆ. ಪುಸ್ತಕ ಇಲ್ಲದ ಮಕ್ಕಳೂ ಪಾಠದೊಳಗೆ ಬರುವುದು ಹೀಗೆ. ನಾನು ಹಾಗೆ ಕಲಿತವಳು, ಈ ಪರದೇಶಕ್ಕೆ ಬರುವ ಮುಂಚೆ ಊರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಹಾಗೆಯೇ ಇಂಗ್ಲಿಷ್ ಕಲಿಸಿದವಳು. ಹುಬ್ಬು ಏರಿಸಿ, ಅಂಗೈ ಮುಂದೆ ಚಾಚಿ, ಅರ್ಧ ವಾಕ್ಯ ಅವರ ಮುಂದಿಡುತ್ತೇನೆ, ಉಳಿದರ್ಧ ಅವರದು. ಇದನ್ನು ನೋಡಿ ಯಾರಿಗಾದರೂ ಮರೆವು ಎಂದು ಅನ್ನಿಸೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ವಿವರಿಸಲು ಬಾಯಿ ತೆರೆದೆ. ಅಲ್ಲೇ ಎಡವಟ್ಟಾಯಿತು. ಡೈರೆಕ್ಟರಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಗ್ಲಿಷ್ ಸಂಸ್ಥೆ ನಡೆಸಲು ಅದು ಬೇಕೇ ಬೇಕೆಂದೇನಿಲ್ಲ. ನಮ್ಮ ಮಾತುಕತೆಯೆಲ್ಲ ಈ ದೇಶದ ಭಾಷೆಯಲ್ಲಿ. ನನಗೆ ಆ ಭಾಷೆ ತರಕಾರಿ ಕೊಳ್ಳುವಷ್ಟು ಬರುತ್ತದೆ, ಜಗಳ ಆಡುವಷ್ಟು ಬರುವುದಿಲ್ಲ. "ಅದು ಮರೆವಲ್ಲ, ಅದು ನಮ್ಮ..." ಎಂದೆ. 'ಪದ್ಧತಿ' ಎನ್ನುವುದಕ್ಕೆ ಇಲ್ಲಿ ಏನನ್ನುತ್ತಾರೆ? ತಲೆ ಕೆರೆದರೂ ಸಿಗಲಿಲ್ಲ. ಡೈರೆಕ್ಟರಮ್ಮ ಕತ್ತು ಓರೆ ಮಾಡಿ, ಬಿದ್ದ ಮಗುವನ್ನು ನೋಡುವಂತೆ ನೋಡಿದರು.

"ನೋಡಿ, ಮತ್ತೆ" ಎಂದರು.

ಕಾಫಿ ಮುಟ್ಟದೆ ಎದ್ದು ಬಂದೆ. ಅದರಿಂದ ಅವರಿಗೆ ಯಾವ ನಷ್ಟವೂ ಆಗಲಿಲ್ಲ, ಆದರೆ ಅಷ್ಟಾದರೂ ಮಾಡದಿದ್ದರೆ ನನಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನೆಲ್ಲ ಒದರಿ, ಕೊನೆಗೆ ಹೇಳಿದೆ. "ನಾನೇ ಸ್ಕೂಲ್ ಶುರು ಮಾಡ್ತೀನಿ."

ನಮ್ಮವರಿಗೆ ಕನ್ನಡಕದ ಗಾಜು ತಿಕ್ಕುವ ವರ್ಕ್‌ಶಾಪಿನಲ್ಲಿ ಕೆಲಸ. ಯಾವ ಮಾತನ್ನಾದರೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಎಲ್ಲಾದರೂ ಗೀರು ಕಾಣುತ್ತದೆಯೇ ಎಂದು ಹುಡುಕದೆ ಒಪ್ಪುವ ಜಾಯಮಾನ ಅವರದಲ್ಲ.

"ಮೊದ್ಲು ನೀರು ಕುಡಿ" ಎಂದರು.

"ಕುಡಿದ ಮೇಲೂ ಶುರು ಮಾಡ್ತೀನಿ."

"ಯಾರು ಬರ್ತಾರೆ ಹೇಳು? ಇಲ್ಲಿ ಬೀದಿಗೊಂದು ಇಂಗ್ಲಿಷ್ ಸಂಸ್ಥೆ. ಎಲ್ಲಾ ಪೋಸ್ಟರಲ್ಲೂ ನೀಲಿ ಕಣ್ಣು, ಕೆಂಚು ಕೂದಲು. ಅಂಥದ್ರಲ್ಲಿ ನಿನ್ನ ಮುಖ ನೋಡಿ..."

"ನಿಲ್ಲಿಸಿದ್ರಿ ಯಾಕೆ? ನನ್ನ ಮುಖ ನೋಡಿ?"

"ನಾನು ಹೇಳ್ತಿಲ್ಲ ಮಾರಾಯ್ತಿ, ಜನ ಹೇಳ್ತಾರೆ."

ಅತ್ತೆ ಕಿಟಕಿಯ ಪಕ್ಕ ಕೂತು ಮಗನ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಮಾವ ಹೋದ ಮೇಲೆ ಅವರು ನಮ್ಮ ಜೊತೆಗೇ ಬಂದುಬಿಟ್ಟಿದ್ದರು. ಬಂದಾಗ ತಂದ ಸಾಮಾನಿನಲ್ಲಿ ಮುಖ್ಯವಾದದ್ದು ಹೊಲಿಗೆ ಯಂತ್ರ. ಇಲ್ಲಿಯ ಭಾಷೆ ಒಂದಕ್ಷರ ಬಾರದಿದ್ದರೂ ಇಡೀ ಕಟ್ಟಡದವರ ಬಟ್ಟೆ ಅವರ ಕೈಗೆ ಬರುತ್ತಿತ್ತು.

"ನಾನು ಹೊಲಿಗೆ ಕ್ಲಾಸ್ ಇಟ್ಟಾಗ ನಿಮ್ಮಪ್ಪನೂ ಹೀಗೇ ಅಂದ್ರು ಕಣೋ, ಯಾರು ಬರ್ತಾರೆ ಅಂತ" ಎಂದರು ದಾರ ಕಚ್ಚಿ. "ಆಮೇಲೆ ಊರಲ್ಲಿ ಅರ್ಧ ಜನದ ರವಿಕೆ ಹೊಲಿದಿದ್ದು ನನ್ನ ಶಿಷ್ಯರೇ. ನೀನು ರೂಮು ಹುಡುಕೇ. ಪರದೆ ನಾನು ಹೊಲಿತೀನಿ."

"ಸ್ಕೂಲಿಗೆ ಪರದೆ ಯಾಕಮ್ಮಾ?" ಎಂದರು ಇವರು.

"ಗಾಜಿನ ಗೋಡೆ, ಗಾಜಿನ ಗೋಡೆ ಅಂತ ಅಳ್ತಿದ್ದಾಳಲ್ಲ, ಅದಕ್ಕೆ."

"ನಾನೇನು ಅಳ್ತಿಲ್ಲ" ಎಂದೆ. ಅಳುತ್ತಿದ್ದೆ.

ರೂಮು ಸಿಕ್ಕಿದ್ದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಮೊದಲು ಡ್ರೈವಿಂಗ್ ಸ್ಕೂಲ್ ಇತ್ತಂತೆ. ಗೋಡೆ ತುಂಬ ರಸ್ತೆ ಸಂಚಾರದ ಚಿಹ್ನೆಗಳ ಚಿತ್ರಪಟ, ಯಾವ ಅಂಟು ಹಾಕಿದ್ದರೋ, ಜಪ್ಪಯ್ಯ ಎಂದರೂ ಕಿತ್ತು ಬರಲಿಲ್ಲ. ಕೆಳಗೆ ಬಟ್ಟೆ ಒಣಗಿಸುವ ಯಂತ್ರಗಳು ತಿರುಗತೊಡಗಿದರೆ ನೆಲ ಸಣ್ಣಗೆ ನಡುಗಿ, ಬೋರ್ಡಿನ ಅಂಚಿನಲ್ಲಿಟ್ಟ ಮಾರ್ಕರ್‌ಗಳು ತಾವಾಗಿಯೇ ಉರುಳುತ್ತಿದ್ದವು. ಇಡೀ ಕೋಣೆಗೆ ಸೋಪಿನ ವಾಸನೆ. ಬೇಡ ಬೇಡ ಎಂದ ನಮ್ಮವರೇ ರಜೆಯ ದಿನ ತೋಳು ಮಡಿಸಿ ಬಂದು, ಚಿತ್ರಪಟವನ್ನು ಚಾಕುವಿನಿಂದ ಕೆರೆದು ಕೆರೆದು ಕೈಸೋತು, "ಇರ್ಲಿ ಬಿಡು. 'ನಿಲ್ಲಿ' ಅನ್ನೋದನ್ನಾದ್ರೂ ಇಂಗ್ಲಿಷಲ್ಲಿ ಕಲೀತಾರೆ" ಎಂದರು. ಹಳೆಯ ಕುರ್ಚಿಗಳನ್ನು ಹೊತ್ತು ಮೆಟ್ಟಿಲು ಹತ್ತಿದವರೂ ಅವರೇ. ಅವರ ವಿರೋಧ ಯಾವಾಗಲೂ ಹೀಗೆ, ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ.

ಬೀದಿಯ ಕಂಬಗಳಿಗೆ ಕೈಬರಹದ ಚೀಟಿ ಅಂಟಿಸಿದೆ. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಖಾಲಿ ಕುರ್ಚಿಗಳ ಮುಂದೆ ನಿಂತು ಪಾಠ ಮಾಡಿದೆ. ನಾಚಿಕೆ ಏನು ಬಂತು? ಅಭ್ಯಾಸ ತಪ್ಪಬಾರದಲ್ಲ. ಕೇಳುವವರು ಅತ್ತೆ ಒಬ್ಬರೇ, ಹಿಂದಿನ ಸಾಲಿನಲ್ಲಿ ಪರದೆ ಹೊಲಿಯುತ್ತ. "ದಿ ಸನ್ ರೈಸಸ್ ಇನ್ ದಿ..." ಎಂದು ಅಂಗೈ ಚಾಚಿದರೆ ಅವರು ಸೂಜಿಯಿಂದ ಕಣ್ಣೆತ್ತದೆ "ಆಕಾಶ!" ಎನ್ನುತ್ತಿದ್ದರು.

ಒಂದು ಸಂಜೆ ಬಾಗಿಲಲ್ಲಿ ಒಂದು ಪರಿಚಯದ ಮುಖ ಕಂಡಿತು. ಹಳೆಯ ಸಂಸ್ಥೆಯಲ್ಲಿ ನನ್ನ ತರಗತಿಯಲ್ಲಿದ್ದ ನರ್ಸು.

"ಅಲ್ಲಿ ಹೊಸ ಟೀಚರ್ ತುಂಬಾ ಚೆನ್ನಾಗಿ ಮಾತಾಡ್ತಾರೆ" ಎಂದಳು. "ಅವರೇ ಮಾತಾಡ್ತಾರೆ. ನಾವು ಕೇಳ್ತೀವಿ. ನನಗೆ ಮಾತಾಡೋಕೆ ಬರಬೇಕು."

ಅವಳ ಹಿಂದೆ ಅವಳ ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡುವವನು ಬಂದ. ಅವನ ಮಗಳು ದೂರದ ದೇಶದಲ್ಲಿ ಮದುವೆಯಾಗಿದ್ದಳು, ಮೊಮ್ಮಗನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಫೋನಿನಲ್ಲಿ ತಾತ ಮೊಮ್ಮಗ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರಂತೆ, ಅಷ್ಟೆ. ಅವನ ಹಿಂದೆ ಮೂಲೆಯ ಸಲೂನಿನಲ್ಲಿ ಕೂದಲು ಕತ್ತರಿಸುವ ಹೆಂಗಸು ಬಂದಳು. ಇವರ ಹೆಸರು ಹೇಳಲು ಅತ್ತೆಗೆ ನಾಲಿಗೆ ಹೊರಳಲಿಲ್ಲ. ಅವನಿಗೆ 'ಮೀಸೆ' ಎಂದೂ ಅವಳಿಗೆ 'ಕತ್ತರಿ' ಎಂದೂ ಹೆಸರಿಟ್ಟರು. ಎದುರಿಗೇ ಹಾಗೆ ಕರೆದರೂ ಅವರು ಕೈ ಎತ್ತಿ ಓಗೊಡುತ್ತಿದ್ದರು. ನರ್ಸಿಗೆ ಮಾತ್ರ ಮೊದಲ ದಿನದಿಂದಲೂ ಗೌರವದಿಂದ 'ನರ್ಸಮ್ಮ'.

ಮೀಸೆ ಮೊದಮೊದಲು ನನ್ನ ಅರ್ಧ ವಾಕ್ಯಕ್ಕೆ ಕಕ್ಕಾಬಿಕ್ಕಿಯಾದ. ನರ್ಸಮ್ಮ ಅವನ ಪಕ್ಕೆಗೆ ತಿವಿದು, "ಅದು ನಿನ್ನ ಪಾಲು, ಹೇಳು" ಎಂದಳು. ಅಂದಿನಿಂದ ಅವನು ಬಾಯಿ ಮುಚ್ಚಿದ್ದೇ ಇಲ್ಲ. ಏನು ಕೇಳಿದರೂ ಅವನದು ಒಂದೇ ಉತ್ತರ. "ಎವ್ರಿ ಮಾರ್ನಿಂಗ್ ಐ ಈಟ್..." "ಲಿಫ್ಟ್!" "ಮೈ ವೈಫ್ ಈಸ್ ವೆರಿ..." "ಲಿಫ್ಟ್!" ಕತ್ತರಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಆದರೆ ನಗುನಗುತ್ತಲೇ ಇಬ್ಬರ ನಾಲಿಗೆಯೂ ಸಡಿಲವಾಯಿತು. ಒಂದು ದಿನ ಮೀಸೆ ಓಡಿ ಬಂದು, ಮೊಮ್ಮಗನಿಗೆ "ಟುಡೇ ಗ್ರಾಂಡ್‌ಪಾ ಈಸ್..." ಎಂದು ತಾನು ನಿಲ್ಲಿಸಿದರೆ ಅವನು "ಫನಿ!" ಎಂದನೆಂದು ಹೇಳಿ ಮೀಸೆ ತಿರುವಿಕೊಂಡ. ಆ ದಿನ ನನಗಾದ ಸಂತೋಷ ಹೈಸ್ಕೂಲಿನಲ್ಲಿ ಇಡೀ ತರಗತಿ ಪಾಸಾದಾಗಲೂ ಆಗಿರಲಿಲ್ಲ.

ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಕುರ್ಚಿ ಸಾಲದೆ ಅತ್ತೆ ತಮ್ಮ ಹೊಲಿಗೆ ಯಂತ್ರದ ಸ್ಟೂಲನ್ನೂ ಬಿಟ್ಟುಕೊಟ್ಟರು. ಆಗಲೇ ಗೊತ್ತಾದದ್ದು: ಇಲ್ಲಿ ಇಷ್ಟು ಜನರನ್ನು ಕೂರಿಸಿ ಕಲಿಸಬೇಕಾದರೆ ಶಿಕ್ಷಣ ಇಲಾಖೆಯ ಅನುಮತಿ ಬೇಕು. ಅಧಿಕಾರಿಯೊಬ್ಬರು ಬಂದು ಪಾಠ ನೋಡಬೇಕು. ಅವರು ಒಪ್ಪಿದರೆ ಬೀದಿಗೆ ಕಾಣುವಂತೆ ಬೋರ್ಡು ಹಾಕಬಹುದು. ಒಪ್ಪದಿದ್ದರೆ ಬಾಗಿಲು ಮುಚ್ಚಬೇಕು, ಮತ್ತೆ ನನ್ನ ಹೆಸರಿನಲ್ಲಿ ಅರ್ಜಿ ಹಾಕುವಂತಿಲ್ಲ. ಅರ್ಜಿಯ ಜೊತೆಗೆ ಹಿಂದೆ ಕಲಿಸಿದ ಕಡೆಯಿಂದ ಒಂದು ಪತ್ರವೂ ಬೇಕಿತ್ತು. ಡೈರೆಕ್ಟರಮ್ಮ ಬೇಗನೆ ಬರೆದುಕೊಟ್ಟರು. ಒಳ್ಳೆಯ ನಡತೆ, ಸಮಯಪಾಲನೆ, ಹಿತವಾದ ನಗು. ಮಾತಿನ ಮಧ್ಯೆ ಪದಗಳನ್ನು ಮರೆಯುತ್ತಾರೆ.

ಅಧಿಕಾರಿ ಫೋನು ಮಾಡಿ, "ಪತ್ರ ಓದಿದೆ. ಅದನ್ನೇ ನೋಡೋಕೆ ಬರ್ತೀನಿ" ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ, ಸ್ನೇಹವೂ ಇರಲಿಲ್ಲ.

ಆ ದಿನ ಊಟಕ್ಕೆ ಕೂತಾಗ ನಮ್ಮವರು ಗಂಟಲು ಸರಿ ಮಾಡಿಕೊಂಡರು. ಅವರು ಗಂಟಲು ಸರಿ ಮಾಡಿಕೊಂಡರೆಂದರೆ ನನಗೆ ಇಷ್ಟವಾಗದ್ದು ಏನೋ ಬರುತ್ತಿದೆ ಎಂದೇ ಅರ್ಥ.

"ನಮ್ಮ ಯಜಮಾನರಿಗೆ ಒಬ್ಬ ಅಳಿಯ ಇದ್ದಾನೆ. ಇಂಗ್ಲಿಷ್ ಅವನ ಮನೆ ಮಾತು. ಎತ್ತರ ಇದ್ದಾನೆ, ಕೋಟು ಹಾಕ್ತಾನೆ, ಸದ್ಯಕ್ಕೆ ಕೆಲಸ ಇಲ್ಲ. ಅವತ್ತು ಒಂದು ದಿನ ಅವನು ಬೋರ್ಡಿನ ಮುಂದೆ ನಿಂತ್ಕೊಳ್ಳಲಿ. ಅರ್ಜೀಲೂ ಹೆಸರು ಬದಲಾಯಿಸಿ ಅವನದೇ ಹಾಕಿಸೋಣ. ಆಮೇಲೆ ಎಂದಿನ ಹಾಗೆ ನೀನೇ ಕಲಿಸು, ಯಾರು ಕೇಳ್ತಾರೆ?"

"ಅವನಿಗೆ ಕಲಿಸೋಕೆ ಬರತ್ತಾ?"

"ಮಾತಾಡೋಕೆ ಬರತ್ತಲ್ಲ."

"ನಿಮಗೆ ಕಣ್ಣು ಕಾಣತ್ತಲ್ಲ, ಅಂತ ಕಣ್ಣಿನ ಡಾಕ್ಟರ್ ಆಗಿಬಿಡ್ತೀರಾ?"

ಅತ್ತೆ ನಗು ತಡೆಯಲು ನೀರು ಕುಡಿದರು. ಇವರು ನಗಲಿಲ್ಲ.

"ನಾನು ಕಾಲು ಕೆರೆದು ಜಗಳ ಮಾಡ್ತಿಲ್ಲ. ಬಾಗಿಲು ಮುಚ್ಚಿಸಿಬಿಟ್ರೆ ನೀನು ತಡ್ಕೊಳ್ಳಲ್ಲ ಅಂತ ಭಯ ನಂಗೆ. ಅಲ್ಲಿಂದ ಬಂದ ದಿನ ನಿನ್ನ ಮುಖ ನೋಡಿದ್ದೀನಿ. ಇನ್ನೊಂದ್ಸಲ ನೋಡೋಕಾಗಲ್ಲ."

ಈ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಆದರೆ ಪಟ್ಟು ಇಳಿಯಲಿಲ್ಲ. "ಬಾಗಿಲು ಮುಚ್ಚಿದ್ರೂ ನನ್ನ ಹೆಸರಲ್ಲೇ ಮುಚ್ಚಲಿ" ಎಂದೆ. "ಅವನನ್ನ ಮುಂದೆ ನಿಲ್ಲಿಸಿದ್ರೆ ಡೈರೆಕ್ಟರಮ್ಮ ಹೇಳಿದ್ದೇ ಸರಿ ಅಂತ ನಾನೇ ಒಪ್ಪಿಕೊಂಡ ಹಾಗೆ. ಬೇಕಾದ್ರೆ ಅವತ್ತು ಎಲ್ಲಾ ವಾಕ್ಯನೂ ಪೂರ್ತಿ ಹೇಳ್ತೀನಿ. ಎಲ್ಲೂ ನಿಲ್ಲಲ್ಲ. ಅವರಿಗೆ ಬೇಕಾಗಿದ್ದು ಅಷ್ಟೇ ತಾನೆ?"

"ನೀನಾ? ಪೂರ್ತಿ ವಾಕ್ಯನಾ?" ಎಂದರು ಇವರು. ಈಗ ನಕ್ಕರು.

ನಗುವುದಕ್ಕೆ ಕಾರಣವಿತ್ತು. ನಾನು ಮನೆಯಲ್ಲೂ ಮೇಷ್ಟ್ರೇ. "ಗ್ಯಾಸ್ ಆಫ್ ಮಾಡಿದ್ದೀರಾ, ಇಲ್..." ಎಂದರೆ ಒಳಗಿನಿಂದ "ಲ್ವಾ!" ಎಂದು ಇವರು ಮುಗಿಸುತ್ತಾರೆ. ಮದುವೆಯಾದಂದಿನಿಂದ ಹೆಂಡತಿಯ ವಾಕ್ಯ ಮುಗಿಸುವುದೇ ತಮ್ಮ ಎರಡನೆಯ ನೌಕರಿ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾರೆ. ಆದರೂ ಹಠ ಹಿಡಿದು ಅಭ್ಯಾಸ ಮಾಡಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಎಲ್ಲೂ ನಿಲ್ಲಿಸದೆ, ದನಿ ಏರಿಸದೆ, ಗಂಟು ಹಾಕಿ ಮುಗಿಸಿದ ವಾಕ್ಯಗಳು. ಅತ್ತೆ ಕೇಳಿ, "ರೇಡಿಯೋ ವಾರ್ತೆ ಇದ್ದಂಗಿದೆ ಕಣೇ. ಕೆಟ್ಟ ಸುದ್ದಿ ಇರೋ ದಿನದ್ದು" ಎಂದರು.

ಆ ದಿನ ಬಂತು. ಅಧಿಕಾರಿ ಬರುವ ಮುಂಚೆ ತರಗತಿಗೆ ಹೇಳಿದೆ. ಇವತ್ತು ನಾನು ಪೂರ್ತಿ ಹೇಳುತ್ತೇನೆ, ನೀವು ಕೇಳಿಸಿಕೊಳ್ಳಿ, ಯಾರನ್ನು ಪ್ರಶ್ನೆ ಕೇಳುತ್ತೇನೋ ಅವರು ಮಾತ್ರ ಉತ್ತರ ಕೊಡಿ. ಮೀಸೆಯ ಮುಖ ಬಾಡಿತು.

"ಯಾಕೆ ಟೀಚರ್? ನಾವೇನಾದ್ರೂ ತಪ್ಪು ಮಾಡಿದ್ವಾ?"

ಇಲ್ಲ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಹೊತ್ತಿರಲಿಲ್ಲ, ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತಿತ್ತು.

ಅಧಿಕಾರಿ ಸಣಕಲು ಮನುಷ್ಯ. ಕೋಟು ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತರು. ಅತ್ತೆ ಕೊನೆಯ ಪರದೆಯ ಅಂಚು ಹೊಲಿಯುತ್ತಿದ್ದರು. ಯಾರಿವರು ಎಂಬಂತೆ ಅಧಿಕಾರಿ ನೋಡಿದಾಗ, ಅತ್ತೆ ನೀವ್ಯಾರು ಎಂಬಂತೆ ತಿರುಗಿ ನೋಡಿದರು. ನಮ್ಮವರು ಅರ್ಧ ದಿನ ರಜೆ ಹಾಕಿ ಬಂದು, ಒಳಗೆ ಕೂರಲು ಧೈರ್ಯವಿಲ್ಲದೆ ಬಾಗಿಲ ಹೊರಗೆ ನಿಂತಿದ್ದರು. ಅವರ ಶೂಗಳ ತುದಿ ನನಗೆ ಕಾಣುತ್ತಿತ್ತು.

ಕೈಕೊಡದ ಪಾಠವೆಂದು ಜ್ವರದ ಪಾಠ ಆರಿಸಿಕೊಂಡಿದ್ದೆ. ಜ್ವರ ಬಂದರೆ ಏನು ಮಾಡಬೇಕು, ಡಾಕ್ಟರ ಹತ್ತಿರ ಹೇಗೆ ಹೇಳಬೇಕು. ಶುರು ಮಾಡಿದೆ. ಒಂದು ವಾಕ್ಯ, ಪೂರ್ತಿ. ಇನ್ನೊಂದು ವಾಕ್ಯ, ಪೂರ್ತಿ. ನನ್ನ ಇಂಗ್ಲಿಷಿನಲ್ಲಿ ಒಂದು ಹುಳುಕನ್ನೂ ಹುಡುಕಲು ಸಾಧ್ಯವಿರಲಿಲ್ಲ. ಆದರೆ ತರಗತಿ ಸತ್ತುಬಿದ್ದಿತ್ತು. ನರ್ಸಮ್ಮ ಕೈಕಟ್ಟಿ ಕೂತಿದ್ದಳು. ಕತ್ತರಿ ಉಗುರು ನೋಡಿಕೊಳ್ಳುತ್ತಿದ್ದಳು. ಮೀಸೆ ಪ್ರತಿ ವಾಕ್ಯದ ಕೊನೆಯಲ್ಲಿ ಬಾಯಿ ತೆರೆಯುತ್ತಿದ್ದ, ನಾನು ಅವನ ಪಾಲನ್ನೂ ಹೇಳಿ ಮುಗಿಸಿದಾಗ ಮುಚ್ಚಿಕೊಳ್ಳುತ್ತಿದ್ದ. ತುತ್ತು ಬಾಯಿಯವರೆಗೆ ತಂದು ನಾನೇ ತಿಂದುಬಿಟ್ಟಂತೆ ಅವನು ನನ್ನನ್ನು ನೋಡುತ್ತಿದ್ದ. ಅಧಿಕಾರಿ ಏನೋ ಬರೆದುಕೊಂಡರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ಕೆಳಗೆ ಯಂತ್ರಗಳು ತಿರುಗತೊಡಗಿದವು. ನೆಲ ನಡುಗಿತು. ಮಾರ್ಕರ್ ಒಂದು ಉರುಳಿ ನನ್ನ ಕಾಲ ಬಳಿ ಬಿತ್ತು. ಅದರ ಕಡೆ ಕಣ್ಣು ಹೋಯಿತು, ಮತ್ತೆ ಮೇಲೆತ್ತಿದೆ, ಅಧಿಕಾರಿಯ ಪೆನ್ನು ಇನ್ನೂ ಓಡುತ್ತಿತ್ತು.

"ವೆನ್ ಯೂ ಹ್ಯಾವ್ ಎ ಫೀವರ್, ಯೂ ಶುಡ್ ಡ್ರಿಂಕ್..."

ಏನು ಕುಡಿಯಬೇಕು?

ಗೊತ್ತಿರಲಿಲ್ಲ. ಆಟವಲ್ಲ, ಪಾಠವಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಲೋಟ ಕಣ್ಣ ಮುಂದಿತ್ತು. ಅದರೊಳಗಿನದಕ್ಕೆ ಹೆಸರಿರಲಿಲ್ಲ. ಇಂಗ್ಲಿಷ್ ಹೋಯಿತು, ಈ ದೇಶದ ಭಾಷೆ ಹೋಯಿತು, ಹುಟ್ಟಿದಾಗಿನಿಂದ ಬಂದ ಕನ್ನಡವೂ ಹೋಯಿತು. ಡೈರೆಕ್ಟರಮ್ಮನ ಮುಖ ಓರೆಯಾಗಿ ತೇಲಿ ಬಂದು "ನೋಡಿ, ಮತ್ತೆ" ಎಂದಿತು. ಬಾಗಿಲ ಹೊರಗಿನ ಶೂಗಳು ಒಂದು ಹೆಜ್ಜೆ ಮುಂದೆ ಬಂದವು. ಪ್ರತಿಯೊಂದು ವಾಕ್ಯ ಮುಗಿಸಿಕೊಡುವ ಮನುಷ್ಯ ಈ ಒಂದನ್ನು ಮುಗಿಸಿಕೊಡುವಂತಿರಲಿಲ್ಲ. ಆಯಿತು, ಮುಗಿಯಿತು ನನ್ನ ಶಾಲೆ ಎಂದುಕೊಂಡೆ.

ಮೀಸೆ ನನ್ನನ್ನೇ ನೋಡುತ್ತಿದ್ದ. ಒಂದು ಕ್ಷಣ ಅನುಮಾನದಿಂದ ನೋಡಿದ. ಆಮೇಲೆ ಅವನ ಮುಖ ಅಗಲವಾಯಿತು. ಟೀಚರ್ ವಾಪಸು ಬಂದರು ಎಂದು ಅವನಿಗೆ ಅನ್ನಿಸಿತ್ತು.

"ವಾಟರ್!" ಎಂದು ಕೂಗಿದ, ಕಿಟಕಿ ಅದುರುವಂತೆ.

"ಅಂಡ್ ಟೇಕ್ ರೆಸ್ಟ್!" ಎಂದಳು ಕತ್ತರಿ, ತನ್ನ ಸರದಿ ತಪ್ಪೀತೆಂದು ಅವಸರದಲ್ಲಿ.

ನಾನು ಇನ್ನೂ ಮರದ ಬೊಂಬೆಯಂತೆ ನಿಂತಿದ್ದೆ. ನರ್ಸಮ್ಮ ನನ್ನ ಮುಖ ನೋಡಿದಳು. ಅವಳು ನೋಡಿದ ರೀತಿ ಮೀಸೆಯದರಂತಿರಲಿಲ್ಲ. ರೋಗಿಯ ನಾಡಿ ಹಿಡಿದವಳಂತೆ ನೋಡಿದಳು. ಆಮೇಲೆ ಎದ್ದು ನಿಂತು, ತರಗತಿಯ ಕಡೆ ತಿರುಗಿ, ಹುಬ್ಬು ಏರಿಸಿ, ಅಂಗೈ ಚಾಚಿದಳು. ಥೇಟ್ ನನ್ನ ಹಾಗೆ.

"ಇಫ್ ದಿ ಫೀವರ್ ಡಸ್ ನಾಟ್ ಗೋ, ಯೂ ಶುಡ್ ಸೀ..."

"ದಿ ಡಾಕ್ಟರ್!" ಎಂದಿತು ಇಡೀ ತರಗತಿ.

"ದಿ ಡಾಕ್ಟರ್ ಈಸ್ ಅಪ್‌ಸ್ಟೇರ್ಸ್, ಬಟ್ ಯೂ ಕೆನಾಟ್ ವಾಕ್. ಸೋ ಯೂ ಟೇಕ್ ದಿ..."

ಎಲ್ಲರೂ ಮೀಸೆಯ ಕಡೆ ತಿರುಗಿದರು. ಅವನು ತಿಂಗಳುಗಟ್ಟಲೆ ಈ ಒಂದು ಪ್ರಶ್ನೆಗಾಗಿಯೇ ಕಾದಿದ್ದವನಂತೆ ಎದೆ ಉಬ್ಬಿಸಿದ.

"ಲಿಫ್ಟ್!"

ಕೋಣೆ ನಗುವಿನಲ್ಲಿ ಒಡೆದುಹೋಯಿತು. ಮೀಸೆ ತಾನೇ ಎದ್ದು ಅಂಗೈ ಚಾಚಿದ. "ದಿ ಡಾಕ್ಟರ್ ಗಿವ್ಸ್ ಯೂ..." ಹಿಂದಿನ ಸಾಲಿನಿಂದ, ಹೊಲಿಗೆಯಿಂದ ಕಣ್ಣೆತ್ತದೆ, ಅತ್ತೆ "ಇಂಜೆಕ್ಷನ್!" ಎಂದರು. ಅವರ ಪಕ್ಕದಲ್ಲಿ ಅಧಿಕಾರಿಯ ಪೆನ್ನು ನಿಂತಿತ್ತು. "ಆಫ್ಟರ್ ಟೂ ಡೇಸ್, ಯೂ ಆರ್..." ಎಂದ ಮೀಸೆ, ಕೈಯನ್ನು ನೇರವಾಗಿ ಅವರ ಕಡೆಗೇ ಚಾಚಿ. ಅವರು ಆಚೆ ಈಚೆ ನೋಡಿದರು. ತಮ್ಮನ್ನೇ ಎಂದು ಗೊತ್ತಾದಾಗ, ಸಣ್ಣ ದನಿಯಲ್ಲಿ, "ಆಲ್‌ರೈಟ್" ಎಂದರು.

ಅಷ್ಟರಲ್ಲಿ ನೀರು ನೀರಾಗಿ ನನ್ನ ಬಳಿಗೆ ಮರಳಿತ್ತು. ಕೆಳಗೆ ಬಿದ್ದಿದ್ದ ಮಾರ್ಕರ್ ಎತ್ತಿಕೊಂಡೆ. ರೇಡಿಯೋ ವಾರ್ತೆಯನ್ನು ಗಾಳಿಗೆ ತೂರಿ, ನನಗೆ ಬರುವ ಹಾಗೆ, ನನ್ನ ಮೇಷ್ಟ್ರು ನನಗೆ ಕಲಿಸಿದ ಹಾಗೆ ಪಾಠ ಮಾಡಿದೆ. ಯಾವ ವಾಕ್ಯವನ್ನೂ ಒಬ್ಬಳೇ ಮುಗಿಸಲಿಲ್ಲ.

ಪಾಠ ಮುಗಿದ ಮೇಲೆ ಅಧಿಕಾರಿ ಎದ್ದು ಮುಂದೆ ಬಂದರು. ಕೈಯಲ್ಲಿ ಡೈರೆಕ್ಟರಮ್ಮನ ಪತ್ರವಿತ್ತು. ತರಗತಿಯವರು ಯಾರೂ ಜಾಗ ಬಿಟ್ಟು ಏಳಲಿಲ್ಲ.

"ನೀವು ಮಾತಿನ ಮಧ್ಯೆ ಪದ ಮರೀತೀರಿ ಅಂತ ಇದರಲ್ಲಿದೆ. ಇವತ್ತು ನೀವು ತುಂಬಾ ಕಡೆ ನಿಲ್ಲಿಸಿದ್ರಿ. ಅದು ನಿಮ್ಮ ಕಲಿಸೋ ರೀತಿ ಅಂತ ನನಗೂ ಗೊತ್ತಾಯ್ತು. ಹಾಗಾದ್ರೆ ಒಂದು ಸಲಾನೂ ಮರೀಲಿಲ್ಲ ಅಂತ ಬರ್ಕೊಳ್ಳಲಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲಲ್ಲಿ ಈಗ ನಮ್ಮವರ ಮುಖವೇ ಕಾಣುತ್ತಿತ್ತು. ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಆದರೆ ಕೋಟಿನ ಅಳಿಯನನ್ನು ಬೇಡವೆಂದವಳು ನಾನು. ಸುಳ್ಳು ಮುಖ ಬೇಡವೆಂದ ಮೇಲೆ ಸುಳ್ಳು ಬಾಯಿ ಹೇಗೆ ಬೇಕಾದೀತು?

"ಒಂದು ಸಲ ಮರೆತೆ" ಎಂದೆ. "ನಿಜವಾಗಿ ಮರೆತೆ. 'ವಾಟರ್' ಅನ್ನೋ ಪದ ನನಗೆ ಬರಲಿಲ್ಲ. ಭಯ ಆಗಿತ್ತು."

ಮೀಸೆ ಗೊಳ್ಳೆಂದು ನಕ್ಕ. ಟೀಚರ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ. ನರ್ಸಮ್ಮ ಮಾತ್ರ ನೆಲ ನೋಡುತ್ತಿದ್ದಳು.

ಅಧಿಕಾರಿ ತಮ್ಮ ಟಿಪ್ಪಣಿಯ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. "ಮ್... ಅದಕ್ಕೆ ಮುಂಚೆ ನೀವು ಒಂದು ತಪ್ಪೂ ಮಾಡ್ಲಿಲ್ಲ. ಆಗ ನಾನು ಇಲ್ಲಿ ಬರ್ಕೊಂಡಿದ್ದೀನಿ, 'ವಿದ್ಯಾರ್ಥಿಗಳು ಮಾತಾಡುತ್ತಿಲ್ಲ' ಅಂತ. ನೀವು ಮರೆತ ಮೇಲೆ ಬಾಯಿ ಮುಚ್ಚಿದ್ದವರು ಒಬ್ಬರೂ ಇಲ್ಲ. ನನ್ನನ್ನೂ ಸೇರಿಸಿ." ಹಾಳೆ ಮಡಿಸಿದರು. "ನಾನು ನೋಡೋಕೆ ಬಂದಿದ್ದು ನೀವು ಮರೀತೀರಾ ಅಂತ. ನೀವು ಮರೆತರೂ ಪಾಠ ನಿಲ್ಲಲ್ಲ ಅಂತ ಬರೀತೀನಿ. ಬೋರ್ಡು ಹಾಕ್ಕೊಳ್ಳಿ."

ಅವರು ಮೆಟ್ಟಿಲಿಳಿದು ಹೋದರು. ಆಮೇಲೆ ಆದ ಗಲಾಟೆಗೆ ಕೆಳಗಿನ ಲಾಂಡ್ರಿಯವನು ತನ್ನ ಯಂತ್ರ ಕೆಟ್ಟಿತೆಂದು ಹೆದರಿ ಮೇಲೆ ಓಡಿ ಬಂದ. ನಾನು ಕುರ್ಚಿಯಲ್ಲಿ ಕುಸಿದೆ. ನರ್ಸಮ್ಮ ಒಂದು ಲೋಟ ತಂದು ಕೈಗಿಟ್ಟು, ನನ್ನ ಕಿವಿಯ ಹತ್ತಿರ ಬಾಗಿ, "ಡ್ರಿಂಕ್..." ಎಂದಳು.

"ವಾಟರ್" ಎಂದೆ. ಅತ್ತೆಯ ಎದುರಿಗೆ, ಎಲ್ಲರ ಎದುರಿಗೆ ಅತ್ತುಬಿಟ್ಟೆ. ಈ ಸಲ ಅಳುತ್ತಿಲ್ಲ ಎಂದು ಹೇಳಲು ಹೋಗಲಿಲ್ಲ.

ಮುಂದಿನ ರಜೆಯ ದಿನ ಬೋರ್ಡು ಏರಿಸಿದೆವು. ಏಣಿ ಲಾಂಡ್ರಿಯವನದು, ಮೊಳೆ ಮೀಸೆಯದು, ಓರೆಯಾಯಿತು ಸೊಟ್ಟಗಾಯಿತು ಎಂಬ ಸೂಚನೆಗಳೆಲ್ಲ ಅತ್ತೆಯವು. ನಮ್ಮವರು ಏಣಿ ಹತ್ತಿ, ಬೋರ್ಡನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲೂ ಗೀರಿಲ್ಲವೆಂದು ಖಾತರಿ ಮಾಡಿಕೊಂಡು, ಗೋಡೆಗೆ ಜಡಿದರು. ಬೋರ್ಡಿನಲ್ಲಿ ನನ್ನ ಹೆಸರಿತ್ತು. ಕೆಳಗೆ ಫುಟ್‌ಪಾತಿನಲ್ಲಿ ಇಡೀ ತರಗತಿ ಕತ್ತೆತ್ತಿ ನಿಂತಿತ್ತು.

ಇವರು ಮೇಲಿನಿಂದ ತಿರುಗಿ ಎಲ್ಲರನ್ನೂ ನೋಡಿದರು. ನಾಚಿಕೆಯ ಮನುಷ್ಯ, ನಾಲ್ಕು ಜನರ ಮುಂದೆ ಬಾಯಿ ಬಿಡುವವರಲ್ಲ. ಅವತ್ತು ಏನು ಬಂತೋ, ಸುತ್ತಿಗೆ ಹಿಡಿದ ಕೈ ಮುಂದೆ ಚಾಚಿ, ಹುಬ್ಬು ಏರಿಸಿ, ಕನ್ನಡದಲ್ಲೇ ಕೂಗಿದರು.

"ಇದು ನನ್ನ ಹೆಂಡ್ತಿಯ..."

ಕೆಳಗಿದ್ದವರಲ್ಲಿ ಅತ್ತೆಯನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಕನ್ನಡದ ಒಂದು ಪದ ಬಾರದು. ಆದರೆ ಆ ಏರುದನಿ ಅವರಿಗೆಲ್ಲ ಗೊತ್ತಿತ್ತು. ತಮ್ಮ ಪಾಲು ಬಂತೆಂದು ಗೊತ್ತಿತ್ತು.

"ಸ್ಕೂಲ್!" ಎಂದು ಕೂಗಿದರು, ಬೀದಿಗೆ ಬೀದಿಯೇ ತಿರುಗಿ ನೋಡುವಂತೆ.

ಇವರು ಆ ಸಂಭ್ರಮಕ್ಕೆ ಏಣಿಯ ಮೇಲೆ ಸ್ವಲ್ಪ ವಾಲಿದರು. ನಾನು ಕೆಳಗೆ ನಿಂತು ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.